ಕಂಟ್ರೋಲ್+ಝಡ್ ಒತ್ತಿ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸೌಂಡ್ ತಡ: ಏನು ಮಾಡಬೇಕು?

ಪ್ರಶ್ನೆ (ಬನಶಂಕರಿ): ಉಬುಂಟು ಲಿನಕ್ಸ್ 24.04, ಸೌಂಡ್ ನೋಡಿಕೊಳ್ಳುವುದು ಪೈಪ್‌ವೈರ್ ಅನ್ನುವ ಪ್ರೋಗ್ರಾಂ. ಕರೆಂಟ್ ಹೋದಾಗ ಬ್ಯಾಟರಿ ಉಳಿಸಲು ಟರ್ಮಿನಲ್‌ನಲ್ಲಿ ಓಡುತ್ತಿರುವ ಗೇಮ್ ಎಮ್ಯುಲೇಟರ್‌ಗೆ (ಬೇರೆ ಗೇಮ್ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಂ) ಕಂಟ್ರೋಲ್+ಝಡ್ ಒತ್ತಿ ನಿಲ್ಲಿಸುತ್ತೇನೆ. ಆಮೇಲೆ ಮತ್ತೆ ಓಡಿಸಲು 'ಎಫ್‌ಜಿ' ಕಮಾಂಡ್ ಕೊಟ್ಟರೆ ಚಿತ್ರಕ್ಕಿಂತ ಸೌಂಡ್ ಅರ್ಧ ಸೆಕೆಂಡ್ ಹಿಂದೆ, ಎಷ್ಟು ಹೊತ್ತಾದರೂ ಸರಿಹೋಗಲ್ಲ. ತಿಳಿದವರು ಹೇಳಿ.

ಮಲ್ಲೇಶ್ವರ: ಸರ್, ಕಂಟ್ರೋಲ್+ಝಡ್ ಒತ್ತಿದಾಗ ನಿಲ್ಲುವುದು ಎಮ್ಯುಲೇಟರ್ ಮಾತ್ರ. ಪೈಪ್‌ವೈರ್ ಬೇರೆ ಪ್ರೋಸೆಸ್, ಅದು ಓಡುತ್ತಲೇ ಇರುತ್ತದೆ, ಗಡಿಯಾರವೂ ಅಷ್ಟೇ. ತಾನು ನಿಂತಿದ್ದೆ ಅನ್ನುವುದು ಪ್ರೋಗ್ರಾಂಗೆ ಗೊತ್ತಿಲ್ಲ. ಎದ್ದ ಕೂಡಲೇ 'ಹಿಂದೆ ಬಿದ್ದಿದ್ದೇನೆ' ಅಂದುಕೊಂಡು ಬಾಕಿ ಆಡಿಯೋವನ್ನೆಲ್ಲ ಒಮ್ಮೆಗೇ ಬಫರ್‌ಗೆ (ಸೌಂಡ್ ಹೊರಬರುವ ಮುಂಚೆ ಕಾಯುವ ಜಾಗ) ತುಂಬುತ್ತದೆ. ಅಲ್ಲಿಂದಾಚೆಗೆ ಸೆಕೆಂಡಿಗೆ 48,000 ಸ್ಯಾಂಪಲ್ (ಸೌಂಡಿನ ಸಣ್ಣ ತುಣುಕು) ಒಳಗೆ, ಅಷ್ಟೇ ಹೊರಗೆ. ಸಂಪಿಗೆ ಬರುವ ನೀರೂ ಹೋಗುವ ನೀರೂ ಸಮ ಇದ್ದರೆ ಮಟ್ಟ ಇಳಿಯಲ್ಲವಲ್ಲ, ಹಾಗೆ. ಅದಕ್ಕೇ ತಾನಾಗಿ ಸರಿಹೋಗಲ್ಲ.

ಮೊದಲು ಎಮ್ಯುಲೇಟರ್‌ನದೇ ಪಾಸ್ (ಆಟ ತಾತ್ಕಾಲಿಕವಾಗಿ ನಿಲ್ಲಿಸುವ) ಬಟನ್ ಒತ್ತಿ, ಆಮೇಲೆ ಕಂಟ್ರೋಲ್+ಝಡ್. ಏಳಿಸುವಾಗ ಮೊದಲು ಎಫ್‌ಜಿ, ನಂತರ ಪಾಸ್ ತೆಗೆಯಿರಿ. ಬಹುಪಾಲು ಎಮ್ಯುಲೇಟರ್‌ಗಳಿಗೆ ಇಷ್ಟೇ ಸಾಕು.

ಜಯನಗರ: ಸೆಟ್ಟಿಂಗ್ ಬದಲಾಯಿಸುವ ಮುಂಚೆ ಇನ್ನೊಂದು ಟರ್ಮಿನಲ್‌ನಲ್ಲಿ 'ಪಿಡಬ್ಲ್ಯೂ-ಟಾಪ್' ಓಡಿಸಿ ನೋಡಿ (ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ). ಕ್ವಾಂಟಮ್ (ಪೈಪ್‌ವೈರ್ ಒಂದು ಸಲಕ್ಕೆ ಸಾಗಿಸುವ ಸ್ಯಾಂಪಲ್‌ಗಳ ಸಂಖ್ಯೆ) 1024, ರೇಟ್ 48000 ಇದ್ದರೆ ತಡದಲ್ಲಿ ಅದರ ಪಾಲು 21 ಮಿಲಿಸೆಕೆಂಡ್ ಮಾತ್ರ. ಆದ್ದರಿಂದ ಕ್ವಾಂಟಮ್ 256ಕ್ಕೆ ಇಳಿಸಿದರೂ ಇಲ್ಲಿ ಉಪಯೋಗಕ್ಕೆ ಬರಲ್ಲ. ಅರ್ಧ ಸೆಕೆಂಡ್ ಬೇರೆಲ್ಲೋ ಕೂತಿದೆ. ಎಮ್ಯುಲೇಟರ್ ಪಲ್ಸ್ (ಪಲ್ಸ್‌ಆಡಿಯೋ ಎಂಬ ಹಳೇ ಸೌಂಡ್ ವ್ಯವಸ್ಥೆಯ ದಾರಿ) ಮೂಲಕ ಆಡಿಯೋ ಕಳಿಸುತ್ತಿದ್ದರೆ, ಅದನ್ನು ಶುರು ಮಾಡುವ ಕಮಾಂಡ್‌ಗೆ ಮುಂಚೆ 'ಪಲ್ಸ್_ಲೇಟೆನ್ಸಿ_ಎಂಸೆಕ್=60' ಸೇರಿಸಿ (ಇದು ಮಾತ್ರ ದೊಡ್ಡಕ್ಷರ). ಪೈಪ್‌ವೈರ್ ಕಡೆ ಆಡಿಯೋ ಹೆಚ್ಚು ಶೇಖರವಾಗಲ್ಲ. ತೀರಾ ಕಡಿಮೆ ಕೊಟ್ಟರೆ ಚಟಪಟ ಸದ್ದು ಬರುತ್ತದೆ.

ಪೈಪ್‌ವೈರನ್ನೇ ರೀಸ್ಟಾರ್ಟ್ ಮಾಡಬೇಡಿ. ಕೆಲವು ಪ್ರೋಗ್ರಾಂಗಳು ಮತ್ತೆ ಸೇರಿಕೊಳ್ಳದೆ ಮೌನವಾಗಿಬಿಡುತ್ತವೆ.

ವಿಜಯನಗರ: ಕೋಡ್ ಬರೆಯುವವರಿಗೆ: ಎಸ್‌ಡಿಎಲ್2ರ (ಗೇಮ್‌ಗಳಿಗೆ ಚಿತ್ರ, ಸೌಂಡ್ ಒದಗಿಸುವ ಲೈಬ್ರರಿ) ಕ್ಯೂ-ಆಡಿಯೋ ಎಷ್ಟು ತುಂಬಿದರೂ ಬೇಡ ಅನ್ನಲ್ಲ. ನಿಂತ ಪ್ರೋಗ್ರಾಂ ಏಳುವಾಗ ಅದಕ್ಕೆ ಬರುವ ಸಿಗ್‌ಕಾಂಟ್ ಎಂಬ ಸಿಗ್ನಲ್ ಹಿಡಿಯಬಹುದು. ಅದನ್ನು ಹಿಡಿಯುವ ಹ್ಯಾಂಡ್ಲರ್‌ನಲ್ಲಿ ಒಂದು ಫ್ಲ್ಯಾಗ್ ಮಾತ್ರ ಎತ್ತಿ. ಮುಖ್ಯ ಲೂಪ್‌ನಲ್ಲಿ ಕ್ಯೂ ಖಾಲಿ ಮಾಡಿ, ಸಮಯದ ಲೆಕ್ಕ ಹೊಸದಾಗಿ ಶುರು ಮಾಡಿ. ಎರಡೂ ಬೇಕು. ಕ್ಯೂ ಒಂದನ್ನೇ ಖಾಲಿ ಮಾಡಿದರೆ ಹಳೇ ಲೆಕ್ಕ ಅದನ್ನು ಮತ್ತೆ ತುಂಬುತ್ತದೆ.

ಮಲ್ಲೇಶ್ವರ: ಇನ್ನೊಂದು. ಶುರುವಿನ ಸೌಂಡ್ ಮಾತ್ರ ನುಂಗಿಹೋಗಿ ಆಮೇಲೆ ಸರಿ ಇದ್ದರೆ ಅದು ಬೇರೆ ತೊಂದರೆ: 5 ಸೆಕೆಂಡ್ ಸುಮ್ಮನಿದ್ದರೆ ಪೈಪ್‌ವೈರ್‌ನ ಜೊತೆಗಾರ ಪ್ರೋಗ್ರಾಂ ವೈರ್‌ಪ್ಲಂಬರ್ ಸೌಂಡ್ ಕಾರ್ಡನ್ನು ಮಲಗಿಸುತ್ತದೆ. ಅದಕ್ಕೆ ಅದರ ಸಸ್ಪೆಂಡ್ ಟೈಮ್‌ಔಟ್ 0 ಮಾಡಿ.