ಗಾಯಗೊಂಡ ಕಾರ್ಮಿಕನ ಚಿಕಿತ್ಸೆಗೆ ನ್ಯಾಯವಾದ ಹಣ ಕೊಡಬೇಕಾದವರು ಯಾರು?

ಪೆರ್ಲದ ವೈದ್ಯೆ:
ಎಲ್ಲರಿಗೂ ನಮಸ್ಕಾರ. ಆರು ಮಂದಿ ದುಡಿಯುವ ಮರದ ಮಿಲ್ಲೊಂದರಲ್ಲಿ ಗರಗಸಕ್ಕೆ ಕೈ ಸಿಕ್ಕಿ ಎರಡು ಬೆರಳುಗಳ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಜೋಡಿಸುವ ಹುರಿ) ತುಂಡಾಗಿದ್ದ ಯುವಕನಿಗೆ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ಬಿಲ್ಲನ್ನು ಮಾಲಕರು ಕೂಡಲೇ ಕಟ್ಟಿದರು. ಆಮೇಲಿನದೆಲ್ಲ ನನ್ನ ಸಣ್ಣ ಚಿಕಿತ್ಸಾಲಯದ ಪಾಲಿಗೆ ಬಂತು: ಡ್ರೆಸ್ಸಿಂಗ್, ಬೆರಳು ಅಲ್ಲಾಡದಂತೆ ಹಿಡಿದಿಡುವ ಆರು ವಾರಗಳ ಸ್ಪ್ಲಿಂಟ್, ಬಳಿಕ ದಿನವೂ ಅರ್ಧ ಗಂಟೆ ಬೆರಳು ಮಡಚಿಸುವ ವ್ಯಾಯಾಮ. ಸ್ಪ್ಲಿಂಟ್ ಬಿಚ್ಚಿದ ದಿನ ಅವನಿಂದ ಬೆಂಕಿಪೆಟ್ಟಿಗೆ ಹಿಡಿಯಲೂ ಆಗಿರಲಿಲ್ಲ. ಈಗ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುತ್ತಾನೆ. ಈ ಮೂರು ತಿಂಗಳ ಹಣ ಕೇಳಿದರೆ, “ಆಪರೇಶನ್ನಿನ ದುಡ್ಡು ಕೊಟ್ಟಾಗಿದೆಯಲ್ಲ” ಎನ್ನುತ್ತಾರೆ. ಕೂಲಿಯೇ ಇಲ್ಲದ ಹುಡುಗನಲ್ಲಿ ಕೇಳಲು ನನಗೆ ಬಾಯಿ ಬರುವುದಿಲ್ಲ. ಏನು ಮಾಡಲಿ?

ಕುಂಬಳೆಯ ವಕೀಲ:
ಹತ್ತು ಮಂದಿಗಿಂತ ಕಡಿಮೆ ಇರುವುದರಿಂದ ಆ ಮಿಲ್ಲು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬಂದಿರಲಾರದು. ಆದರೆ ದುಡಿಮೆಯ ವೇಳೆ ಆದ ಗಾಯದ ಚಿಕಿತ್ಸೆಗೆ ತಗಲಿದ ನಿಜವಾದ ವೆಚ್ಚವನ್ನು ಮಾಲಕರು ಭರಿಸಬೇಕೆಂಬ ನಿಯಮವು 1923ರ ನೌಕರರ ಪರಿಹಾರ ಕಾಯ್ದೆಗೆ 2009ರ ತಿದ್ದುಪಡಿಯ ಮೂಲಕ ಸೇರಿತ್ತು. ಈಗ ಜಾರಿಗೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ವೆಚ್ಚವೆಂದರೆ ಶಸ್ತ್ರಚಿಕಿತ್ಸೆ ಮಾತ್ರವಲ್ಲ. ತೊಡಕಿರುವುದು ಬೇರೆ ಕಡೆ: ಮರುಪಾವತಿಯ ಹಕ್ಕು ಕಾರ್ಮಿಕನದು, ಡಾಕ್ಟರರದಲ್ಲ. ಆದ್ದರಿಂದ ಪ್ರತಿ ಭೇಟಿಯ ದಿನಾಂಕ, ಮಾಡಿದ ಚಿಕಿತ್ಸೆ ಮತ್ತು ಶುಲ್ಕವನ್ನು ಬರೆದು ಬಿಲ್ಲನ್ನು ಅವನ ಹೆಸರಿನಲ್ಲೇ ಕೊಡಿ. ಕೂಲಿ ತಪ್ಪಿದ ಅವಧಿಯ ಪರಿಹಾರವನ್ನು ಅವನು ಪ್ರತ್ಯೇಕವಾಗಿ ಕೇಳಬಹುದು. ಚಿಕಿತ್ಸೆಗೆ ಕೊಟ್ಟ ಹಣವನ್ನು ಅದರಿಂದ ಮುರಿದುಕೊಳ್ಳುವಂತಿಲ್ಲ.

ಮಂಜೇಶ್ವರದ ಮಿಲ್ಲು ಮಾಲಕ:
ಇನ್ನೊಬ್ಬ ಮಾಲಕನಾಗಿ ಹೇಳುತ್ತೇನೆ, ಆಪರೇಶನ್ನಿನ ದುಡ್ಡು ಕೊಟ್ಟಾಗಿದೆ ಎಂಬ ಆ ಮಾಲಕರ ಉತ್ತರ ಸರಿಯಲ್ಲ. ಆದರೆ ವಿವರವಿಲ್ಲದ ದೊಡ್ಡ ಮೊತ್ತವೊಂದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ನಮ್ಮಂಥವರು ಹಿಂಜರಿಯುವುದೂ ಉಂಟು. ನೌಕರರ ಪರಿಹಾರದ ವಿಮೆ ಮಾಡಿಸುವಾಗ ಚಿಕಿತ್ಸಾ ವೆಚ್ಚವನ್ನು ಹೆಚ್ಚುವರಿ ಪ್ರೀಮಿಯಮ್ಮಿಗೆ ಸೇರಿಸಿಕೊಳ್ಳಬಹುದು. ಎಷ್ಟೋ ಮಂದಿ ನಾಲ್ಕು ಕಾಸು ಉಳಿಸಲೆಂದು ಅದನ್ನು ಬಿಡುತ್ತಾರೆ. ಆ ಹುಡುಗನ ಮಾಲಕರಿಗೆ ತಮ್ಮ ಪಾಲಿಸಿಯನ್ನೊಮ್ಮೆ ನೋಡಲು ಹೇಳಿ.

ಮುಳ್ಳೇರಿಯದ ಫಿಸಿಯೋಥೆರಪಿಸ್ಟ್:
ದರ ನಿಗದಿಯಾಗುವ ಕ್ರಮದಲ್ಲೇ ಅನ್ಯಾಯವಿದೆ ಎಂಬುದು ನನ್ನ ಅನುಭವ. ಆಯುಷ್ಮಾನ್ ಭಾರತ್ ಯೋಜನೆಯ ಪ್ಯಾಕೇಜು ಆಸ್ಪತ್ರೆಯಿಂದ ಬಿಡುಗಡೆಯಾದ ಬಳಿಕ 15 ದಿನಗಳ ವೆಚ್ಚವನ್ನಷ್ಟೇ ಒಳಗೊಳ್ಳುತ್ತದೆ, ಹೊಲಿದ ಸ್ನಾಯುರಜ್ಜು ಭಾರ ಹೊರುವಷ್ಟು ಗಟ್ಟಿಯಾಗಲು ಸುಮಾರು 12 ವಾರ ಬೇಕು. ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟವೆಂದು ಲೆಕ್ಕ ಹಾಕಲಾಗಿತ್ತು. ಇರುವ ಬೆರಳು ಮಡಚುವಂತೆ ಮಾಡಿದವರ ಅರ್ಧ ಗಂಟೆಗೆ ಅಂಥ ಲೆಕ್ಕವನ್ನು ಯಾರೂ ಹಾಕಲಿಲ್ಲ. ದುಡ್ಡು ಬಾರದೆ ನಾವು ನಡುವೆ ಕೈಬಿಟ್ಟರೆ ಕಾರ್ಮಿಕ ಸೆಟೆದ ಬೆರಳಿನಲ್ಲೇ ಮತ್ತೆ ಗರಗಸದ ಮುಂದೆ ನಿಲ್ಲುತ್ತಾನೆ. ನಿಮ್ಮ ಶುಲ್ಕವನ್ನು ದಯವಿಟ್ಟು ಅರ್ಧಕ್ಕಿಳಿಸಬೇಡಿ.

ಪೆರ್ಲದ ವೈದ್ಯೆ:
ಎಲ್ಲರಿಗೂ ಕೃತಜ್ಞತೆಗಳು. ಭೇಟಿಯ ಪುಸ್ತಕ ನೋಡಿ ದಿನವಹಿ ಬಿಲ್ಲು ಬರೆಯಲು ಕುಳಿತಿದ್ದೇನೆ. ವಕೀಲರೇ, ಅವನು ನಾಳೆ ವ್ಯಾಯಾಮಕ್ಕೆ ಬಂದಾಗ ಪ್ರತಿ ಪುಟಕ್ಕೂ ಸಹಿ ಹಾಕಿಸಬೇಕೇ, ಕೊನೆಯ ಪುಟಕ್ಕೆ ಹಾಕಿಸಿದರೆ ಸಾಕೇ?