ಕುಂಬಳಕಾಯಿ ಏಲಂ: ದೊಡ್ಡಮ್ಮನ ಉತ್ತರ

ಮಗಳೇ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ಧ್ವನಿ ಸಂದೇಶವನ್ನು ಎರಡು ಸಲ ಕೇಳಿದೆ. ಉತ್ತರ ಹೇಳಲು ಹೊರಟು ಮೂರು ನಿಮಿಷ ಮಾತಾಡಿದ್ದೆ, ಬೆರಳು ಜಾರಿ ಎಲ್ಲ ಅಳಿಸಿಹೋಯಿತು. ಈಗ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಮಾತಾಡುತ್ತಿದ್ದೇನೆ. ಉದ್ದವಾದೀತು. ಮುಂಬೈಯ ಚಿಕ್ಕಪ್ಪ ಹೇಗೂ ಎರಡರ ವೇಗದಲ್ಲಿ ಕೇಳುವವರು, ಉಳಿದವರು ಅಡುಗೆ ಮಾಡುತ್ತಾ ಕೇಳಿ. ನಾನು ಪುಸ್ತಕದ ಕನ್ನಡ ಮಾತಾಡುತ್ತೇನೆಂದು ನೀವೆಲ್ಲ ನಗುವುದು ಗೊತ್ತು. 31 ವರ್ಷ ಕನ್ನಡ ಪಾಠ ಮಾಡಿದ ನಾಲಿಗೆ, ಇನ್ನು ಅದನ್ನು ತಿದ್ದಲು ಆಗುವುದಿಲ್ಲ.

ನೀನು ಹೇಳಿದ್ದು ಇಷ್ಟು. ಬೆಂಗಳೂರಿನಲ್ಲಿ ಆ ದೊಡ್ಡ ಚರ್ಚಿನ ಸಭೆಗೆ ಹೋಗತೊಡಗಿದ ಮೊದಲ ಮೂರು ತಿಂಗಳು ಹಾಡುವಾಗಲೆಲ್ಲ ಕಣ್ಣು ತುಂಬುತ್ತಿತ್ತು, ಆಮೇಲೆ ಏನೂ ಇಲ್ಲ, ಒಣಗಿದ ಬಾವಿಯ ಹಾಗೆ. ಊರಿನ ಬೆಳೆ ಹಬ್ಬಕ್ಕೆ ಬಂದರೆ ಮನಸ್ಸು ಹಸುರಾದೀತು ಎಂದುಕೊಂಡು ಬಂದೆ. ಇಲ್ಲಿ ನೋಡಿದರೆ ಅರವತ್ತು ಜನ, ಎಳೆದೆಳೆದು ಹಾಡುವ ಹಳೆಯ ಹಾಡು, ಮತ್ತು ಕಾಣಿಕೆ ಸಾಮಾನುಗಳ ಏಲಂನಲ್ಲಿ ನಿನ್ನ ಸ್ವಂತ ದೊಡ್ಡಮ್ಮ ಬೀಡಿ ಕಟ್ಟುವ ಒಬ್ಬ ಬಡ ಹೆಂಗಸಿನ ಜೊತೆ ಕುಂಬಳಕಾಯಿಗಾಗಿ ಹಟಕ್ಕೆ ಬಿದ್ದು 640 ರೂಪಾಯಿಯವರೆಗೆ ಕೂಗಿದ್ದು. “ಇದರಲ್ಲಿ ಆತ್ಮಿಕ ಬೆಳವಣಿಗೆ ಎಲ್ಲಿದೆ ದೊಡ್ಡಮ್ಮ? ನಾನು ಬೆಳೆಯುತ್ತಿದ್ದೇನೋ ಇಲ್ಲವೋ ತಿಳಿಯುವುದು ಹೇಗೆ?” ಎಂದು ಕೇಳಿದೆ.

ಕೋಪ ಬರಲಿಲ್ಲ. ಸ್ವಲ್ಪ ನಗು ಬಂತು, ಅದನ್ನು ಒಪ್ಪಿಕೊಳ್ಳುತ್ತೇನೆ.

ಹಾಡಿನದು ಮೊದಲು ಹೇಳಿ ಮುಗಿಸುತ್ತೇನೆ. ಎಳೆದು ಹಾಡುತ್ತೇವೆ ಎನ್ನುವುದು ನಿಜ. ಹಾರ್ಮೋನಿಯಂ ಮಾಮನಿಗೆ ಎಪ್ಪತ್ತೆಂಟು, ಅವರ ಬೆರಳು ಹೋದಷ್ಟೇ ವೇಗಕ್ಕೆ ನಾವು ಹೋಗಬೇಕು. ಆದರೆ ಆ ದಿನ ಕೊನೆಗೆ ಹಾಡಿದ ಸ್ತೋತ್ರದ ಹಾಡು ನಿನಗೆ ಬೇಸರ ತಂದಿತೆಂದೆಯಲ್ಲ, ಅದು ಜರ್ಮನಿಯಿಂದ ಬಂದದ್ದು. ಬರೆದವರು ಐಲೆನ್‌ಬುರ್ಗ್ ಎಂಬ ಊರಿನ ಪಾದ್ರಿ ಮಾರ್ಟಿನ್ ರಿಂಕಾರ್ಟ್. ಮೂವತ್ತು ವರ್ಷದ ಯುದ್ಧದ ಕಾಲ, 1637ರಲ್ಲಿ ಆ ಊರಿಗೆ ಪ್ಲೇಗ್ ಬಂತು. ಸಾವಿರಾರು ಹೆಣಗಳನ್ನು ಮಣ್ಣುಮಾಡಿದರು ಆ ಮನುಷ್ಯ, ಅದರಲ್ಲಿ ಒಂದು ಅವರ ಹೆಂಡತಿಯದು. ಅಂಥ ವರ್ಷಗಳನ್ನು ಕಂಡವರ ಕೃತಜ್ಞತೆ ಅದು. ಅದನ್ನು ಚಪ್ಪಾಳೆ ತಟ್ಟಿ ಓಡಿಸಿದರೆ ಚೆನ್ನಾಗಿರುವುದಿಲ್ಲ, ನನ್ನ ಅಭಿಪ್ರಾಯ.

ಇನ್ನೊಂದು ವಿಷಯ ನಿನ್ನ ಕಣ್ಣಿಗೆ ಬಿದ್ದಿರಲಾರದು. ಮುಂದಿನ ಸಾಲಿನ ಮಕ್ಕಳ ಕೈಯಲ್ಲಿ ಇದ್ದದ್ದು ಹಾಡಿನ ಪುಸ್ತಕವಲ್ಲ, ನೋಟುಬುಕ್ಕಿನ ಹಾಳೆ. ಕನ್ನಡದ ಹಾಡನ್ನು ಮಲಯಾಳಂ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಿದ್ದರು. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಒಂದೊಂದು ತಲೆಮಾರಿಗೆ ಒಂದಿಷ್ಟು ಅಕ್ಷರ ಕಡಿಮೆಯಾಗುತ್ತಾ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು, ಮುಂದೆ ಅದೇ ಮಿಷನ್ನಿನ ಕಿಟ್ಟೆಲ್ 1894ರಲ್ಲಿ ಕನ್ನಡಕ್ಕೆ ಅಷ್ಟು ದಪ್ಪದ ನಿಘಂಟು ಕೊಟ್ಟರು, ಆ ಪರಂಪರೆಯ ಸಭೆಯ ಮಕ್ಕಳಿಗೆ ಈಗ ‘ಕ್ಷ’ ಬರೆಯಲು ಬಾರದು. ಅದಕ್ಕೇ ಭಾನುವಾರ ಶಾಲೆಯಲ್ಲಿ ಕಥೆಗೆ ಮೊದಲು ಹತ್ತು ನಿಮಿಷ ಅಕ್ಷರ ಕಲಿಸುತ್ತೇನೆ. ಕಳೆದ ತಿಂಗಳು ಒಬ್ಬ ಪುಟ್ಟ ಹುಡುಗ ‘ಸಂತೋಷ’ ಎಂದು ಬರೆದು, “ಟೀಚರ್, ಇದು ಮಲಯಾಳದಲ್ಲೂ ಇದೇ ಅಲ್ಲವೇ” ಎಂದ. ಹೌದು ಮಗು, ಇದೇ ಎಂದೆ. ಆ ಇಡೀ ದಿನ ನನಗೆ ಹೊಟ್ಟೆ ತುಂಬಿದ ಹಾಗಿತ್ತು, ಯಾಕೆಂದು ಕೇಳಬೇಡ.

ಸರಿ, ಈಗ ಏಲಂ. ಅದಕ್ಕೆ ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕು. ಇದನ್ನು ಈ ಗುಂಪಿನಲ್ಲಿ ಯಾರಿಗೂ ಹೇಳಿಲ್ಲ, ನಿನ್ನ ದೊಡ್ಡಪ್ಪನಿಗೆ ಮಾತ್ರ ಗೊತ್ತಿತ್ತು.

ಬೀಡಿ ಕಟ್ಟುವ ಆ ಅಕ್ಕನ ಮನೆ ರೈಲ್ವೆ ಗೇಟಿನ ಹತ್ತಿರ. ನಾವು ಗೇಟಿನ ಮನೆ ಅಕ್ಕ ಎನ್ನುತ್ತೇವೆ. ಆ ವರ್ಷ ಕ್ರಿಸ್ಮಸ್ಸಿಗೆಂದು ನಾನು ಕರ್ತನ ಮೇಜಿಗೆ, ಅಂದರೆ ಆರಾಧನೆಯಲ್ಲಿ ರೊಟ್ಟಿ ದ್ರಾಕ್ಷಾರಸ ಇಡುವ ಮೇಜಿಗೆ, ಬಿಳಿ ಬಟ್ಟೆ ಕಸೂತಿ ಹಾಕಿ ಕೊಟ್ಟಿದ್ದೆ, ಅಂಚಿಗೆ ದ್ರಾಕ್ಷಿ ಬಳ್ಳಿ, ಎರಡು ತಿಂಗಳ ಕೆಲಸ. ಹಬ್ಬ ಮುಗಿದ ಮೇಲೆ ಒಗೆಯಲು ಅವರು ಮನೆಗೆ ಒಯ್ದರು, ಸರದಿ ಅವರದಿತ್ತು. ಮರುವಾರ ತಂದು ಹಾಸಿದಾಗ ಬಗ್ಗಿ ಮೂಸಿದೆ. ಮೂಸಿ, ಎಲ್ಲರ ಎದುರಿಗೆ, “ಬೀಡಿ ಎಲೆಯ ವಾಸನೆ ಬರುತ್ತಿದೆ. ಇದನ್ನು ಇನ್ನು ಮುಂದೆ ನಾನೇ ಒಗೆಯುತ್ತೇನೆ” ಎಂದೆ.

ಅಷ್ಟೇ ಮಾತು. ಅವರು ಏನೂ ಹೇಳಲಿಲ್ಲ. ಆ ವಾಸನೆಯಿಂದಲೇ ಮೂರು ಮಕ್ಕಳನ್ನು ಓದಿಸಿದವರು ಅವರು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಬೀಡಿ ಕಟ್ಟಿದವರು. ಇದು ಗೊತ್ತಿದ್ದೇ ಹೇಳಿದ್ದೆ, ಗೊತ್ತಿಲ್ಲದೆ ಹೇಳಿದ್ದಲ್ಲ.

ನಾಲ್ಕು ವರ್ಷ ನಾವು ಮಾತಾಡಲಿಲ್ಲ. ಒಂದೇ ಬೆಂಚು, ಅವರು ಕಿಟಕಿಯ ಕಡೆ, ನಾನು ಈಚೆ ತುದಿ. ಈ ನಾಲ್ಕು ವರ್ಷ ನಾನು ಏನನ್ನೂ ಬಿಡಲಿಲ್ಲ ನೋಡು. ಬೆಳಿಗ್ಗೆ ಬೈಬಲ್ ಓದು, ಆದಾಯದ ಹತ್ತರಲ್ಲೊಂದು ಪಾಲು ಕೊಡುವ ದಶಮಾಂಶ, ಸ್ತ್ರೀಯರ ಕೂಟ, ಭಾನುವಾರ ಶಾಲೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂಬ ಮತ್ತಾಯನ ಐದನೆಯ ಅಧ್ಯಾಯದ ಮಾತನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳೂ ನಾನೇ! ಓದಿದರೆ ಅಕ್ಷರ ಕಾಣುತ್ತಿತ್ತು, ಅಷ್ಟೇ. ನೀನು ಒಣಗಿದ ಬಾವಿ ಎಂದೆಯಲ್ಲ, ಅದು ನನಗೆ ಪರಿಚಯದ ಬಾವಿ. ಆಗ ನಾನು ಪಾದ್ರಿ ಅಯ್ಯನವರ ಪ್ರಸಂಗ ಸಪ್ಪೆ ಎಂದು ದೂರುತ್ತಿದ್ದೆ.

ನಿನ್ನ ಬಾವಿ ಒಣಗಿದ್ದಕ್ಕೂ ಹೀಗೇ ಏನೋ ಕಾರಣವಿರಬೇಕು ಎಂದು ನಾನು ಹೇಳುತ್ತಿಲ್ಲ. ಕೆಲವು ಸಲ ಬೇಸಿಗೆ ಅಷ್ಟೇ ಇರುತ್ತದೆ. ನನ್ನದು ಹೇಳುತ್ತಿದ್ದೇನೆ.

ಒಂದು ನಿಮಿಷ. ಕುಕ್ಕರ್ ಕೂಗುತ್ತಿದೆ.

ಹಾಂ. ನಮ್ಮ ಪ್ರಭುಭೋಜನದ ಆರಾಧನೆಯಲ್ಲಿ ಸಮಾಧಾನ ಕೊಡುವುದು ಒಂದಿದೆಯಲ್ಲ. ನಮ್ಮ ಸಿ.ಎಸ್.ಐ. ಸಭೆ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, 1947ರಲ್ಲಿ ಹುಟ್ಟಿತು, 1950ರಲ್ಲಿ ತನ್ನದೇ ಆರಾಧನಾ ಕ್ರಮ ಮಾಡಿಕೊಂಡಾಗ ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಮೊದಲಿನಿಂದ ಇದ್ದ ಈ ರೂಢಿಯನ್ನು ತೆಗೆದುಕೊಂಡಿತು. ಮೇಜಿನ ಬಳಿ ಅಯ್ಯನವರಿಂದ ಹೊರಟು ಕೈಯಿಂದ ಕೈಗೆ ಬೆಂಚು ಬೆಂಚು ದಾಟಿ ಬರುತ್ತದೆ. ಬಲ ಅಂಗೈಗೆ ಬಲ ಅಂಗೈ, ಮೇಲಿಂದ ಇಬ್ಬರ ಎಡಗೈಯೂ ಮುಚ್ಚಬೇಕು. ನಮ್ಮಿಬ್ಬರ ನಡುವೆ ಯಾವಾಗಲೂ ಅವರ ಮೊಮ್ಮಗಳು ಕೂರುತ್ತಿದ್ದಳು. ಅಜ್ಜಿಯಿಂದ ತೆಗೆದುಕೊಂಡು ನನಗೆ ಕೊಡುತ್ತಿದ್ದಳು. ಹಾಗಾಗಿ ನಾಲ್ಕು ವರ್ಷ ದೇವರ ಸಮಾಧಾನ ನನಗೆ ಆ ಮಗುವಿನ ಕೈ ದಾಟಿ ಬರುತ್ತಿತ್ತು, ಇಬ್ಬರಿಗೂ ಅನುಕೂಲವಾಗಿತ್ತು.

ಒಂದು ಭಾನುವಾರ ಆ ಹುಡುಗಿಗೆ ಜ್ವರ, ಬರಲಿಲ್ಲ. ನಡುವೆ ಖಾಲಿ ಜಾಗ. ಮುಂದಿನ ಬೆಂಚಿನಿಂದ ಅವರಿಗೆ ಬಂತು. ಅವರು ತಿರುಗಿದರು. ನಾನು ಹಾಡಿನ ಪುಸ್ತಕದ ಪುಟ ಹುಡುಕುವವಳ ಹಾಗೆ ಮಾಡಿದೆ, ಸುಳ್ಳು ಹೇಳುವುದಿಲ್ಲ. ಅವರು ಬೆಂಚಿನ ಮೇಲೆ ಜರುಗಿ ಜರುಗಿ ಹತ್ತಿರ ಬಂದು ಕೈ ಚಾಚಿ ಕಾದರು. ಕೈ ಕೊಟ್ಟೆ. ಹೆಬ್ಬೆರಳಿನ ಬದಿ ಗಡುಸಾಗಿತ್ತು, ತೋರುಬೆರಳಿನ ತುದಿ ಸವೆದು ಗಾಜಿನಂತೆ ನುಣುಪು. ಬೀಡಿ ಎಲೆಯ ವಾಸನೆ ಇತ್ತು. ಇದ್ದೇ ಇತ್ತು. “ದೇವರ ಸಮಾಧಾನ” ಎಂದರು, ಬೇರೆ ಏನೂ ಇಲ್ಲ. ನನ್ನ ಬಾಯಿಂದ ಸ್ವರ ಹೊರಡಲಿಲ್ಲ.

ಅಂದೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಮೂರು ವಾರ ಕಳೆದ ಮೇಲೆ ಅವರ ಮನೆಗೆ ಹೋದೆ. ತಪ್ಪಾಯಿತು ಎಂದು ಹೇಳಲು ಹೋದವಳು ಮೊದಲು ಮಳೆಯ ವಿಷಯ ಮಾತಾಡಿದೆ, ಆಮೇಲೆ ಮಂಡಿನೋವು, ಎದ್ದು ಹೊರಡುವಾಗ ಹೊಸ್ತಿಲಲ್ಲಿ ಹೇಳಿದೆ. ಅವರು, “ಆ ಬಟ್ಟೆಯನ್ನು ನಾನು ಮೂರು ಸಲ ಒಗೆದಿದ್ದೆ ಟೀಚರೇ” ಎಂದರು. ಅದನ್ನು ಕೇಳಿಸಿಕೊಂಡು ನಿಲ್ಲುವುದೇ ನನಗೆ ಆದ ಶಿಕ್ಷೆ.

ಬೈಬಲಿನಲ್ಲಿ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ ತೆಗೆದು ನೋಡು. “ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ” ಎಂಬುದು ನಾಲ್ಕನೆಯ ವಚನ. ಕ್ಯಾಲೆಂಡರಿನಲ್ಲಿ, ಮಗ್ಗಿನ ಮೇಲೆ, ನಿನ್ನ ಮೊಬೈಲಿನ ಹಿಂದೆ ಎಲ್ಲ ಕಡೆ ಇದೆ. ಎರಡನೆಯ ವಚನವನ್ನು ಯಾರೂ ಮಗ್ಗಿನ ಮೇಲೆ ಹಾಕುವುದಿಲ್ಲ. ಅಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರ ಹೆಸರು ಹಿಡಿದು, ಒಂದೇ ಮನಸ್ಸುಳ್ಳವರಾಗಿರಿ ಎಂದು ಪೌಲ ಬೇಡಿಕೊಳ್ಳುತ್ತಾನೆ. ಅದೂ ತಾನು ಸೆರೆಯಲ್ಲಿದ್ದುಕೊಂಡು. ಏನು ಜಗಳವೋ, ಬರೆದಿಲ್ಲ. ಅದೂ ಬಟ್ಟೆಯದೇ ಇರಬೇಕು ಎಂದು ನನಗೆ ಗುಮಾನಿ! ಸಭೆಯಲ್ಲಿ ಓದಲೆಂದು ಬರೆದ ಪತ್ರ ಅದು. ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತು ಕೇಳಿರಬೇಕು, ಕಿವಿ ಕೆಂಪಾಗಿರಬೇಕು. ಆ ಕೆಂಪು ಆರುವ ಮೊದಲೇ ಸಂತೋಷಿಸಿರಿ ಎಂಬ ಮಾತು ಬಂದಿದೆ. ನಡುವೆ ಒಂದೇ ಒಂದು ವಚನದ ಅಂತರ. ನನಗೆ ಇದು ಕಂಡದ್ದು ಆ ನಾಲ್ಕು ವರ್ಷ ಕಳೆದ ಮೇಲೆ, ಅದಕ್ಕೆ ಮೊದಲು ಎಷ್ಟು ಸಲ ಓದಿದ್ದೆನೋ.

ಬೆಳೆಯುತ್ತಿದ್ದೇನೋ ಇಲ್ಲವೋ ಎಂದು ಕೇಳಿದೆಯಲ್ಲ. ಮಾರ್ಕನ ನಾಲ್ಕನೆಯ ಅಧ್ಯಾಯದಲ್ಲಿ ಬೀಜ ಬಿತ್ತಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜ ಮೊಳೆತು ಬೆಳೆಯುತ್ತದೆ, ಹೇಗೆಂದು ಅವನಿಗೇ ಗೊತ್ತಿಲ್ಲ. ನಮ್ಮ ಹಿತ್ತಲಿನ ಅಡಿಕೆ ಮರಗಳನ್ನು ನೋಡು, ಕಾಂಡದ ಮೇಲಿನ ಉಂಗುರ ಒಂದೊಂದೂ ಹಾಳೆ ಕಳಚಿ ಬಿದ್ದ ಗುರುತು. ದಿನಾ ಹೋಗಿ ಅಳೆದರೆ ಏನು ಕಾಣುತ್ತದೆ? ನಿನ್ನ ಬೆಂಗಳೂರಿನ ಸಭೆಯನ್ನು ಬಿಡು ಎಂದು ನಾನು ಹೇಳುವುದಿಲ್ಲ, ಆ ಮೂರು ತಿಂಗಳ ಕಣ್ಣೀರು ಸುಳ್ಳೂ ಅಲ್ಲ. ಬರುವ ಭಾನುವಾರ ಅರ್ಧ ಗಂಟೆ ಮುಂಚೆ ಹೋಗು. ಅಷ್ಟು ದೊಡ್ಡ ಸಭಾಂಗಣದಲ್ಲಿ ಕುರ್ಚಿ ಜೋಡಿಸುವವರು ಯಾರಾದರೂ ಇರಲೇಬೇಕು. ಅವರ ಜೊತೆ ನಾಲ್ಕು ಸಾಲು ಜೋಡಿಸು, ಹೆಸರು ಕೇಳು. ಅಲ್ಲಿ ನಿನಗೆ ಆಗದವರು ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ವರ್ಷದಲ್ಲಿ ಅಲ್ಲಿ ಯಾರ ಹೆಸರೂ ನಿನಗೆ ಗೊತ್ತಾಗಿಲ್ಲ ಎಂದಿದ್ದೆಯಲ್ಲ, ಸಂದೇಶದ ಕೊನೆಯಲ್ಲಿ, ಸಣ್ಣ ಸ್ವರದಲ್ಲಿ. ನನಗೆ ಹೆಚ್ಚು ನೋವಾದದ್ದು ಅದಕ್ಕೆ.

ಈಗ ಆ ಕುಂಬಳಕಾಯಿ. ಅದನ್ನು ಕಾಣಿಕೆಗೆ ತಂದವರೇ ಗೇಟಿನ ಮನೆ ಅಕ್ಕ. ಅವರ ಹಟ್ಟಿಯ ಮಾಡಿನ ಮೇಲೆ ಹಬ್ಬಿದ ಬಳ್ಳಿಯದು. ಪ್ರತಿ ವರ್ಷ ಅವರೇ ತರುತ್ತಾರೆ, ಏಲಂ ಶುರುವಾದ ಮೇಲೆ ಅದನ್ನೇ ವಾಪಸು ಪಡೆಯಲು ಕೂಗುತ್ತಾರೆ, ನಾನು ಏರಿಸುತ್ತೇನೆ. ಏಳು ವರ್ಷವಾಯಿತು ಈ ಆಟಕ್ಕೆ. ಮೊದಲ ವರ್ಷ 90 ರೂಪಾಯಿಗೆ ಮುಗಿದಿತ್ತು. ಹೋದ ವರ್ಷ ಅವರು ಗೆದ್ದರು, ನಾನು 500ಕ್ಕೆ ನಿಲ್ಲಿಸಿದೆ, 510ಕ್ಕೆ ಕೊಂಡರು. ಈ ವರ್ಷ ನಾನು 640 ಎಂದಾಗ ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡದ್ದನ್ನು ನೀನು ನೋಡಿದೆ, ಅಳುತ್ತಿದ್ದಾರೆ ಎಂದುಕೊಂಡೆ. ನಗು ತಡೆಯಲಾಗದೆ ಮುಚ್ಚಿಕೊಂಡದ್ದು ಮಾರಾಯ್ತಿ. ಏಲಂ ಕೂಗುವ ಯುವಜನ ಕೂಟದ ಹುಡುಗನಿಗೂ ಗೊತ್ತು, ಬೇಕೆಂದೇ ಮೂರನೆಯ ಸಲ ಹೇಳಲು ಅಷ್ಟು ಹೊತ್ತು ತೆಗೆದುಕೊಂಡ. ಹಣ ಸಭೆಯ ಹೆಂಚು ಬದಲಿಸುವ ಲೆಕ್ಕಕ್ಕೆ ಹೋಯಿತು. ಅವರನ್ನು ಬಡ ಹೆಂಗಸು ಎಂದೆಯಲ್ಲ, ಅವರೆದುರು ಹಾಗೆ ಅನ್ನಬೇಡ, ಮುಂದಿನ ವರ್ಷ ನಿನ್ನ ಮೇಲೆ ಸಾವಿರ ಕೂಗಿಯಾರು.

ಗೆದ್ದವರು ಅರ್ಧ ಕೊಯ್ದು ಇನ್ನೊಬ್ಬರ ಮನೆಗೆ ಕಳುಹಿಸಬೇಕು, ಅದು ನಮ್ಮ ಕಟ್ಟಳೆ. ನಿನ್ನೆ ಸಂಜೆ ಗುಡುಗು ಶುರುವಾಗುವ ಮೊದಲು ನಾನೇ ಒಯ್ದು ಕೊಟ್ಟು ಬಂದೆ. ನನ್ನ ಅರ್ಧದಲ್ಲಿ ಪಕ್ಕದ ಮಲಯಾಳಿ ಮನೆಯವರಿಗೆ ಒಂದು ಹೋಳು ಹೋಗಿದೆ, ಮಧ್ಯಾಹ್ನದೊಳಗೆ ಎರಿಶ್ಶೇರಿ ಎಂಬ ಅವರ ಅಡುಗೆಯಾಗಿ ಒಂದು ಬಟ್ಟಲು ತಿರುಗಿ ಬರುತ್ತದೆ. ಶುಕ್ರವಾರ ರಾತ್ರಿಯ ಬಸ್ಸಿಗೆ ನಿನ್ನ ಅಣ್ಣ ಬೆಂಗಳೂರಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಎರಡು ಹೋಳು ಕೊಟ್ಟಿರುತ್ತೇನೆ, ಪೇಪರಿನಲ್ಲಿ ಸುತ್ತಿ. ಒಂದು ನಿನಗೆ. ಇನ್ನೊಂದು ಯಾರಿಗೆಂದು ಭಾನುವಾರ ಅರ್ಧ ಗಂಟೆ ಮುಂಚೆ ಹೋದಾಗ ನೋಡಿಕೋ. ಸಿಪ್ಪೆ ತೆಗೆಯಬೇಡ, ಸಿಪ್ಪೆಯಲ್ಲೇ ರುಚಿ ಇದೆ. ಬೀಜ ಮಾತ್ರ ಬಿಸಾಡದೆ ಒಣಗಿಸಿ ಇಡು, ಗೇಟಿನ ಮನೆ ಅಕ್ಕ ಲೆಕ್ಕ ಕೇಳುತ್ತಾರೆ.