ಗುಲಾಬಿ ಕನ್ನಡಕ ಹಾಕಿಕೊಳ್ಳುವವರು ಯಾರು?

‘ಗುಲಾಬಿ ಬಣ್ಣದ ಕನ್ನಡಕ ಹಾಕಿಕೊಂಡು ನೋಡುವುದು’ ಅನ್ನುವ ಮಾತು ಈಗ ಕನ್ನಡದ ಬರಹಗಳಲ್ಲೂ ಸಿಗುತ್ತದೆ. ಇರುವುದಕ್ಕಿಂತ ಎಲ್ಲವೂ ಜಾಸ್ತಿ ಚೆನ್ನಾಗಿದೆ ಅಂತ ನಂಬುವುದು, ಕೊರತೆ ಕಣ್ಣಿಗೇ ಬೀಳದಿರುವುದು, ಇದು ಅದರ ಅರ್ಥ. ಮಾತು ಯುರೋಪಿನದು. 1861ರಲ್ಲಿ ಪುಸ್ತಕವಾಗಿ ಬಂದ ಥಾಮಸ್ ಹ್ಯೂಸ್ ಅವರ ಇಂಗ್ಲಿಷ್ ಕಾದಂಬರಿಯೊಂದರಲ್ಲೇ ಇದು ಇದೆ. ಜರ್ಮನ್, ರಷ್ಯನ್ ಭಾಷೆಗಳಲ್ಲೂ ಇದೇ ಕನ್ನಡಕ. ಫ್ರೆಂಚರಿಗೆ ಕನ್ನಡಕ ಬೇಕಿಲ್ಲ, ಬದುಕೇ ಗುಲಾಬಿಯಾಗಿ ಕಾಣುತ್ತದೆ.

ನನ್ನ ತಕರಾರು ಬಳಕೆಯ ಬಗ್ಗೆ. ‘ಮುಖಂಡರು ಜನರಿಗೆ ಗುಲಾಬಿ ಕನ್ನಡಕ ತೊಡಿಸಿದರು’ ಅಂತ ಬರೆದರೆ ಮಾತಿನ ಜೀವವೇ ಹೋಗುತ್ತದೆ. ಈ ಕನ್ನಡಕವನ್ನು ಹಾಕಿಕೊಳ್ಳುವವರು ನಾವೇ. ಅದರಲ್ಲಿ ಮೋಸವಿಲ್ಲ, ಬರೀ ಆಸೆ ಇದೆ. ಇನ್ನೊಬ್ಬರನ್ನು ನಂಬಿಸುವುದಕ್ಕೆ ನಮ್ಮಲ್ಲಿ ‘ಅಂಗೈಯಲ್ಲಿ ಅರಮನೆ ತೋರಿಸುವುದು’ ಇದೆ, ‘ಬಣ್ಣದ ಮಾತು’ ಇದೆ. ಅದನ್ನೇ ಬಳಸಬಹುದಲ್ವಾ?

ಹಿಂದಿ, ಉರ್ದುವಿನಲ್ಲಿ ಇನ್ನೊಬ್ಬರನ್ನು ನಂಬಿಸುವುದಕ್ಕೂ ತಾನೇ ನಂಬುವುದಕ್ಕೂ ಒಂದೇ ಬಣ್ಣ, ಹಸಿರು. ‘ಸಬ್ಜ್ ಬಾಗ್ ದಿಖಾನಾ’, ಅಂದರೆ ಹಸಿರು ತೋಟ ತೋರಿಸಿ ಮರುಳು ಮಾಡುವುದು. ತಾನೇ ಮರುಳಾದವನಿಗೆ ಬೇರೆ ಗಾದೆ: ಶ್ರಾವಣದಲ್ಲಿ ಕಣ್ಣು ಕಳೆದುಕೊಂಡವನಿಗೆ ಎಲ್ಲೆಲ್ಲೂ ಹಸಿರೇ. ಅವನು ಕೊನೆಯದಾಗಿ ಕಂಡದ್ದು ಮಳೆಗಾಲದ ಹೊಲ. ಆಮೇಲೆ ಬೇಸಿಗೆ ಬಂದರೂ ಅವನ ಪಾಲಿಗೆ ನೆಲ ಒಣಗುವುದೇ ಇಲ್ಲ. ಗುಲಾಬಿ ಕನ್ನಡಕಕ್ಕಿಂತ ಇದು ನನಗೆ ಎಷ್ಟೋ ಹತ್ತಿರದ್ದು. ಮಳೆ ನಂಬಿ ಬದುಕುವ ಊರಿನಲ್ಲಿ ಮಾತ್ರ ಇಂಥ ಗಾದೆ ಹುಟ್ಟಲು ಸಾಧ್ಯ.

ಕನ್ನಡದಲ್ಲಿ ಕಣ್ಣು, ಬಣ್ಣ ಎರಡೂ ಸೇರುವ ಗಾದೆ ಅಂದರೆ ತಟ್ಟನೆ ನೆನಪಾಗುವುದು ‘ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ’. ಇದನ್ನು ಗುಲಾಬಿ ಕನ್ನಡಕದ ಬದಲಿಗೆ ಹಾಕುವುದು ಸರಿಯಲ್ಲ. ಕಾಮಾಲೆ ಕಣ್ಣು ಒಳ್ಳೆಯದರಲ್ಲೂ ಹುಳುಕು ಹುಡುಕುತ್ತದೆ. ದಿಕ್ಕೇ ಉಲ್ಟಾ. ‘ದೂರದ ಬೆಟ್ಟ ನುಣ್ಣಗೆ’ ಇನ್ನೂ ಹತ್ತಿರ ಬರುತ್ತದೆ, ಅದರಲ್ಲೂ ‘ನಮ್ಮ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು’ ಅನ್ನುವವರಿಗೆ. ಆದರೆ ಅದರಲ್ಲಿ ಬಣ್ಣವಿಲ್ಲ. ನಾಳೆಯ ಬಗ್ಗೆ ಅತಿ ಆಸೆ ಇಟ್ಟುಕೊಂಡವರಿಗೂ ಅದು ಅಷ್ಟಾಗಿ ಹೊಂದುವುದಿಲ್ಲ.

‘ಅವನಿಗೆ ಎಲ್ಲವೂ ಹಸಿರಾಗೇ ಕಾಣುತ್ತದೆ’ ಅಂತ ಬರೆದರೆ ಕನ್ನಡದ ಓದುಗರಿಗೆ ಅರ್ಥ ತಲುಪುತ್ತದೆಯೇ? ನಿಮ್ಮ ಕಡೆಯ ಮಾತಿನಲ್ಲಿ, ಅದರಲ್ಲೂ ಉತ್ತರ ಕರ್ನಾಟಕದಲ್ಲಿ, ಇದಕ್ಕೆ ಬಣ್ಣದ ನುಡಿಗಟ್ಟು ಇದ್ದರೆ ದಯವಿಟ್ಟು ಬಳಕೆಯ ವಾಕ್ಯದ ಜೊತೆ ತಿಳಿಸಿ.